ಚುಕ್ಕೆ ದ್ವೀಪಗಳಲ್ಲಿ ಎಂಟು ವರ್ಷ

ಅಟ್ಲಾಸ್ ತೆರೆದು ಇಂಡೊನೇಷ್ಯಾ ದೇಶವನ್ನು ನೋಡಿ. ಸಮಭಾಜಕ ವೃತ್ತದ ಎರಡೂ ಬದಿಗೆ 17,000ಕ್ಕೂ ಹೆಚ್ಚು ದ್ವೀಪಗಳು ಚದುರಿವೆ. ಜಾವಾ, ಸುಮಾತ್ರ, ಬಾಲಿಗಳ ಹೆಸರು ನಮಗೆಲ್ಲ ಗೊತ್ತು. ಆದರೆ ಲೊಂಬಾಕ್, ಟರ್ನಾಟೆ, ಆರೂ? ಶಾಲೆಯ ಭೂಪಟದಲ್ಲಿ ಇವಕ್ಕೆ ಹೆಸರು ಬರೆಯಲೂ ಜಾಗವಿರುವುದಿಲ್ಲ, ಬರೀ ಚುಕ್ಕೆಗಳು. ಜೀವವಿಜ್ಞಾನದ ಎರಡು ದೊಡ್ಡ ಪ್ರಶ್ನೆಗಳಿಗೆ ಉತ್ತರ ಹೊಳೆದದ್ದು ಈ ಚುಕ್ಕೆಗಳಲ್ಲಿ ಅಲೆದಾಡಿದ ಒಬ್ಬ ಬಡ ಪ್ರವಾಸಿಗೆ. ಆತ ಆಲ್‌ಫ್ರೆಡ್ ರಸೆಲ್ ವಾಲೇಸ್. 1869ರಲ್ಲಿ ಪ್ರಕಟವಾದ ಆತನ ‘ದಿ ಮಲಯ್ ಆರ್ಕಿಪೆಲಾಗೊ’ ವಿಜ್ಞಾನ ಗ್ರಂಥವೂ ಹೌದು, ಸೊಗಸಾದ ಪ್ರವಾಸ ಕಥನವೂ ಹೌದು.

ವಾಲೇಸ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹದಿನಾಲ್ಕರ ಆಸುಪಾಸಿನಲ್ಲೇ ಮನೆಯ ಬಡತನದಿಂದ ಶಾಲೆ ಬಿಟ್ಟು, ಅಣ್ಣನ ಜೊತೆ ಜಮೀನು ಅಳೆಯುವ ಕೆಲಸ ಕಲಿತ. ಕೀಟ, ಹಕ್ಕಿಗಳನ್ನು ಸಂಗ್ರಹಿಸಿ ಮಾರಿದ ಹಣದಲ್ಲೇ ದೇಶ ಸುತ್ತಲು ಹೊರಟ. ನಾಲ್ಕು ವರ್ಷ ಅಮೆಜಾನ್ ಕಾಡಿನಲ್ಲಿ ದುಡಿದು 1852ರಲ್ಲಿ ಮರಳುವಾಗ ನಡುಸಮುದ್ರದಲ್ಲಿ ಹಡಗಿಗೆ ಬೆಂಕಿ ಬಿದ್ದು, ಜೊತೆಯಲ್ಲಿದ್ದ ಸಂಗ್ರಹವೆಲ್ಲ ಬೂದಿಯಾಯಿತು. ಹತ್ತು ದಿನ ದೋಣಿಯಲ್ಲಿ ತೇಲಿ ಬದುಕಿಕೊಂಡ. ಬೇರೆ ಯಾರಾದರೂ ಕೈಕಟ್ಟಿ ಕೂರುತ್ತಿದ್ದರೇನೋ! ಎರಡೇ ವರ್ಷಕ್ಕೆ, 1854ರಲ್ಲಿ, ಆತ ಸಿಂಗಪುರದಲ್ಲಿ ಇಳಿದಿದ್ದ.

ತಪ್ಪಿದ ಹಡಗು, ಸಿಕ್ಕಿದ ಗಡಿ

1856ರಲ್ಲಿ ವಾಲೇಸ್‌ಗೆ ಹೋಗಬೇಕಾಗಿದ್ದುದು ಮಕಾಸರ್ ಪಟ್ಟಣಕ್ಕೆ. ಸಿಂಗಪುರದಿಂದ ನೇರ ಹಡಗು ಸಿಗಲಿಲ್ಲ. ಹೀಗಾಗಿ ಬಾಲಿ ಮತ್ತು ಲೊಂಬಾಕ್ ಮೂಲಕ ಬಳಸಿಕೊಂಡು ಹೋದ. ಈ ಬಳಸುದಾರಿಯೇ ಆತನ ಭಾಗ್ಯ ತೆರೆಯಿತು.

ಬಾಲಿಯಲ್ಲಿ ಇದ್ದದ್ದು ಎರಡೇ ದಿನ. ಅಲ್ಲಿ ಗೀಜಗ, ಕುಟ್ರುಹಕ್ಕಿ, ಮರಕುಟಿಗಗಳನ್ನು ಕಂಡ. ನಮ್ಮ ಊರಿನ ತೋಟಗಳಲ್ಲಿ ಕೂಗುವ ಹಕ್ಕಿಗಳ ಬಳಗದವೇ ಇವು. ಜಲಸಂಧಿ ದಾಟಿ ಲೊಂಬಾಕ್‌ನಲ್ಲಿ ಇಳಿದು ಎರಡು ತಿಂಗಳಿಗೂ ಹೆಚ್ಚು ಕಾಲ ಹುಡುಕಿದರೂ ಬಾಲಿಯ ಆ ಹಕ್ಕಿಗಳು ಆತನಿಗೆ ಕಾಣಲಿಲ್ಲ. ಬದಲಿಗೆ ಕಂಡದ್ದು ಬಿಳಿಯ ಕಾಕಟೂ ಗಿಣಿಗಳು, ಜೇನುಗುಡುಕ ಹಕ್ಕಿಗಳು. ತಾನೇ ಕಾವು ಕೊಡದೆ, ಎಲೆ-ಮಣ್ಣಿನ ಗುಡ್ಡೆ ಮಾಡಿ ಅದರ ಬಿಸಿಗೆ ಮೊಟ್ಟೆಗಳನ್ನು ಒಪ್ಪಿಸುವ ಹಕ್ಕಿಯೂ ಸಿಕ್ಕಿತು. ಎಲ್ಲವೂ ಆಸ್ಟ್ರೇಲಿಯಾ ಕಡೆಯ ಬಳಗದವು!

ಲೊಂಬಾಕ್ ಜಲಸಂಧಿಯ ಕಿರಿದಾದ ಭಾಗ ಸುಮಾರು 20 ಕಿ.ಮೀ. ಅಷ್ಟೆ. ಎರಡೂ ಕಡೆ ಅದೇ ಬಿಸಿಲು, ಅದೇ ಮಳೆ. ಆದರೆ ಒಂದು ದಡದಲ್ಲಿ ಏಷ್ಯಾ ಮುಗಿಯುತ್ತದೆ, ಇನ್ನೊಂದರಲ್ಲಿ ಬೇರೆಯೇ ಲೋಕ ಶುರುವಾಗುತ್ತದೆ. ಹೀಗೇಕೆ? ಉತ್ತರ ಸಮುದ್ರದ ಆಳದಲ್ಲಿದೆ ಎಂದು ವಾಲೇಸ್ ತರ್ಕಿಸಿದ. ಹಿಮಯುಗದಲ್ಲಿ ಸಮುದ್ರ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ತಗ್ಗಿತ್ತೆಂದು ನಮಗೀಗ ಗೊತ್ತಿದೆ. ಆಗ ಬಾಲಿ, ಜಾವಾ, ಸುಮಾತ್ರ, ಬೋರ್ನಿಯೊಗಳ ನಡುವಿನ ಆಳವಿಲ್ಲದ ಕಡಲು ಬತ್ತಿ, ಅವು ಏಷ್ಯಾಕ್ಕೆ ಅಂಟಿಕೊಂಡಿದ್ದವು. ಲೊಂಬಾಕ್ ಜಲಸಂಧಿಯಾದರೋ ತೀರ ಮೇಲಾಗಿರುವ ಕಡೆಯೂ ಸುಮಾರು 250 ಮೀಟರ್ ಆಳ. ಅದು ಬತ್ತಲೇ ಇಲ್ಲ. ಅಲ್ಲಿಂದ ಉತ್ತರಕ್ಕೆ, ಬೋರ್ನಿಯೊ ಮತ್ತು ಸುಲವೆಸಿಗಳ ನಡುವೆ ಸಾಗುವ ಈ ಗಡಿಗೆ ‘ವಾಲೇಸ್ ರೇಖೆ’ ಎಂದೇ ಹೆಸರು.

ಇನ್ನೊಂದು ಉತ್ತರ ಹೊಳೆದದ್ದು 1858ರ ಆರಂಭದಲ್ಲಿ, ಟರ್ನಾಟೆ ದ್ವೀಪದ ಆಸುಪಾಸಿನಲ್ಲಿ, ಚಳಿಜ್ವರದಿಂದ ನಡುಗುತ್ತ ಮಲಗಿದ್ದಾಗ. ಜೀವಿಗಳು ಬದಲಾಗುವುದು ನಿಸರ್ಗದ ಆಯ್ಕೆಯಿಂದ ಎಂಬ ವಿಚಾರವನ್ನು ಬರೆದು ಡಾರ್ವಿನ್‌ಗೆ ಅಂಚೆಗೆ ಹಾಕಿದ. ಅದೇ ವರ್ಷ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. ಜ್ವರದ ಆ ಕಥೆಯನ್ನು ವಾಲೇಸ್ ತನ್ನ ಪ್ರವಾಸ ಕಥನದಲ್ಲಿ ಹೇಳಿಕೊಳ್ಳಲಿಲ್ಲ; ಆ ಪುಸ್ತಕವನ್ನು ಡಾರ್ವಿನ್‌ಗೇ ಅರ್ಪಿಸಿದ.

ಕೊನೆಯ ಚುಕ್ಕೆಯಲ್ಲಿ

ಪುಸ್ತಕದ ಅತಿ ಸುಂದರ ಭಾಗ ಆರೂ ದ್ವೀಪಗಳದು. 1856ರ ಡಿಸೆಂಬರಿನಲ್ಲಿ ಮಕಾಸರ್‌ನಿಂದ ಹಾಯಿಹಡಗು ಹತ್ತಿದ. ಪಶ್ಚಿಮದ ಮಾರುತ ಬೀಸುವಾಗ ಹೋಗಬೇಕು, ಪೂರ್ವದ ಮಾರುತ ತಿರುಗುವ ತನಕ ಕಾಯಬೇಕು: ವರ್ಷಕ್ಕೊಂದೇ ಪ್ರಯಾಣ. ದಾರಿಯಲ್ಲಿ ಕೇ ದ್ವೀಪದ ಜನ ಒಂದೂ ಕಬ್ಬಿಣದ ಮೊಳೆ ಬಳಸದೆ, ಮರದ ಗೂಟ ಮತ್ತು ಬೆತ್ತದ ಕಟ್ಟುಗಳಿಂದಲೇ ಗಟ್ಟಿ ದೋಣಿ ಕಟ್ಟುವುದನ್ನು ಮೆಚ್ಚಿ ಬರೆದ. ಆರೂವಿನ ಡೊಬ್ಬೊ ಎಂಬ ವ್ಯಾಪಾರದ ಊರಿನಲ್ಲಿ ಪೊಲೀಸರಿಲ್ಲ, ಕೋರ್ಟಿಲ್ಲ. ಆದರೂ ನಾನಾ ಜನಾಂಗದ ವ್ಯಾಪಾರಿಗಳು ಜಗಳವಿಲ್ಲದೆ ಇರುವುದನ್ನು ಕಂಡು ಬೆರಗಾದ.

ಒಳನಾಡಿನ ವನುಂಬಾಯ್ ಎಂಬಲ್ಲಿ ಹಳ್ಳಿಗರು ಆತನ ದೇಶದ ಹೆಸರು ಕೇಳಿದರು. ‘ಇಂಗ್ಲೆಂಡ್’ ಎಂಬ ಶಬ್ದ ಅವರ ನಾಲಗೆಗೆ ಹೊರಳಲೇ ಇಲ್ಲ. ಇಂಥ ಹೆಸರಿನ ದೇಶ ಇರಲು ಸಾಧ್ಯವೇ, ಈತ ತಮಾಷೆ ಮಾಡುತ್ತಿದ್ದಾನೆ ಎಂದು ಒಬ್ಬ ಮುದುಕ ವಾದಿಸಿದ. ವನುಂಬಾಯ್ ಎನ್ನಲು ಯಾರಿಗೆ ಬರುವುದಿಲ್ಲ? ಆತನ ಪಾಲಿಗೆ ಕೇಳರಿಯದ ಮೂಲೆ ಎಂದರೆ ಇಂಗ್ಲೆಂಡೇ! ಅಪರಿಚಿತ ಊರು ಯಾವುದು ಎಂಬುದು ನಾವು ನಿಂತ ಜಾಗವನ್ನು ಅವಲಂಬಿಸಿದೆ. ತನ್ನ ಮೇಲೆಯೇ ಬಂದ ಈ ನಗೆಯನ್ನು ವಾಲೇಸ್ ಮುಚ್ಚಿಡಲಿಲ್ಲ.

ಆರೂ ಕಾಡಿನಲ್ಲೇ ಆತನಿಗೆ ‘ರಾಜ ಸ್ವರ್ಗಪಕ್ಷಿ’ ಸಿಕ್ಕಿತು. ಹೊಳೆಯುವ ಕೆಂಪು ಮೈ, ಬಾಲದ ಎರಡು ಎಳೆಗಳ ತುದಿಯಲ್ಲಿ ಹಸಿರು ಸುರುಳಿ. ಹಕ್ಕಿಯನ್ನು ಕೈಯಲ್ಲಿ ಹಿಡಿದು ಆತ ಹಿಗ್ಗಿದ; ಹಿಂದೆಯೇ ಚಿಂತೆಗೂ ಬಿದ್ದ. ಯಾರ ಕಣ್ಣಿಗೂ ಬೀಳದೆ ಎಷ್ಟು ತಲೆಮಾರು ಈ ಚೆಲುವು ಹುಟ್ಟಿ ಸತ್ತಿರಬಹುದು? ನಾಗರಿಕರು ಈ ಕಾಡಿಗೆ ನುಗ್ಗಿದ ದಿನ, ಸವಿಯಬಲ್ಲವರ ಕೈಯಿಂದಲೇ ಇದು ಅಳಿಯುವುದಲ್ಲವೆ? ಹಾಗಿದ್ದಮೇಲೆ ಜೀವಿಗಳೆಲ್ಲ ಇರುವುದು ಮನುಷ್ಯನಿಗಾಗಿ ಎನ್ನುವುದು ಸುಳ್ಳು ಎಂಬುದು ಆತನ ತೀರ್ಮಾನ. ಭಯ ಹುಸಿಯಾಗಲಿಲ್ಲ. ಮುಂದೆ ಯೂರೋಪಿನ ಹೆಂಗಸರ ಟೋಪಿಯ ಗರಿಗಾಗಿ ಈ ಬಳಗದ ಹಕ್ಕಿಗಳು ಲೆಕ್ಕವಿಲ್ಲದಷ್ಟು ಸತ್ತವು. ಬ್ರಿಟನ್ ಗರಿಗಳ ಆಮದನ್ನು ತಡೆಯುವ ಕಾನೂನು ಮಾಡಿದ್ದು 1921ರಲ್ಲಿ. ವಾಲೇಸ್ ಕೂಡ ಕೋವಿ ಹಿಡಿದೇ ಸಂಗ್ರಹಿಸಿದವನು ಎಂಬುದನ್ನು ಮರೆಯಬಾರದು. ಎಂಟು ವರ್ಷಗಳ ಆತನ 1,25,660 ಮಾದರಿಗಳಲ್ಲಿ 8,050 ಹಕ್ಕಿಗಳಿದ್ದವು. ಅವುಗಳಲ್ಲಿ ಎಷ್ಟೋ ಹಕ್ಕಿಗಳನ್ನು ಹುಡುಕಿ ತಂದವನು ಸರವಾಕ್‌ನ ಹುಡುಗ ಅಲಿ. ಅಡಿಗೆಗೆಂದು ಸೇರಿದ ಆತ ವಾಲೇಸ್‌ನ ಬಲಗೈಯಾದ.

ಎಲ್ಲಿ ಕಂಡಿರಿ?

ಅಷ್ಟೊಂದು ಮಾದರಿಗಳಿಗೆ ಬೆಲೆ ಬಂದದ್ದು ಅವುಗಳ ಚೀಟಿಯಿಂದ. ಸಂಗ್ರಹಕಾರರು ಸಿಕ್ಕಿದ ಜಾಗವನ್ನು ಸರಿಯಾಗಿ ಬರೆಯುವುದಿಲ್ಲವೆಂದು ವಾಲೇಸ್ 1852ರಲ್ಲೇ ಅಮೆಜಾನ್ ಕೋತಿಗಳ ಕುರಿತ ಪ್ರಬಂಧದಲ್ಲಿ ಆಕ್ಷೇಪಿಸಿದ್ದ. ಬಾಲಿಯ ಹಕ್ಕಿಯನ್ನೂ ಲೊಂಬಾಕ್‌ನ ಹಕ್ಕಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಬೆರೆಸಿದ್ದರೆ ವಾಲೇಸ್ ರೇಖೆ ಇರುತ್ತಿರಲಿಲ್ಲ.

ನಮ್ಮ ಮಕ್ಕಳ ಪ್ರವಾಸ ಪ್ರಬಂಧಗಳು ಬಹುಪಾಲು ಒಂದೇ ಅಚ್ಚಿನವು: ಬಸ್ಸು ಹೊರಟಿತು, ಅರಮನೆ ನೋಡಿದೆವು, ಊಟ ಚೆನ್ನಾಗಿತ್ತು. ತಂದೆತಾಯಂದಿರು ಈ ಬೇಸಿಗೆಯಲ್ಲಿ ಒಂದು ಪ್ರಯೋಗ ಮಾಡಬಹುದು. ದೂರದ ಊರೇ ಬೇಕಿಲ್ಲ. ಅಜ್ಜಿಯ ಊರಿನ ಕೆರೆ, ಹತ್ತಿರದ ಗುಡ್ಡ ಸಾಕು. ಒಂದು ನೋಟ್‌ಬುಕ್ ಕೊಡಿ. ಏನು ಕಂಡಿತು, ಎಲ್ಲಿ, ಯಾವ ತಾರೀಕು, ಊರಿನವರು ಅದನ್ನು ಏನೆಂದು ಕರೆಯುತ್ತಾರೆ ಎಂಬ ನಾಲ್ಕನ್ನು ಮಾತ್ರ ಬರೆಸಿ. ಕೆರೆಯ ಈ ದಂಡೆಯಲ್ಲಿರುವ ಹಕ್ಕಿ ಆ ದಂಡೆಯಲ್ಲಿ ಏಕಿಲ್ಲ ಎಂದು ಮಗು ಕೇಳಿದರೆ, ಉತ್ತರ ಹೇಳಲು ಅವಸರಪಡಬೇಡಿ. ಮರುದಿನ ಬೆಳಿಗ್ಗೆ ಜೊತೆಯಲ್ಲಿ ಹೋಗಿ ಇನ್ನೊಮ್ಮೆ ನೋಡಿ.