ಸೋಪಿನ ಹೆಸರಿನ ನಿಲ್ದಾಣ

ಬೆಂಗಳೂರಿನ ಪಶ್ಚಿಮದ ಬಡಾವಣೆಗಳ ನೆತ್ತಿಯ ಮೇಲೆ ಮೆಟ್ರೋ ರೈಲು ಸಾಗುವಾಗ ಧ್ವನಿವರ್ಧಕವು ನಿಲ್ದಾಣಗಳ ಹೆಸರನ್ನು ಒಂದಾದ ಮೇಲೊಂದರಂತೆ ಸಾರುತ್ತದೆ. ಮೊದಲು ಮಹಾಕವಿ ಕುವೆಂಪು ರಸ್ತೆ. ಬಳಿಕ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರಿನ ರಾಜಾಜಿನಗರ. ಅನಂತರ ಸಾಕ್ಷಾತ್ ಮಹಾಲಕ್ಷ್ಮಿ. ಕವಿಯಾಯಿತು, ರಾಜನೀತಿಜ್ಞನಾಯಿತು, ದೇವತೆಯೂ ಆದಳು, ಇನ್ನು ಇವರನ್ನು ಮೀರಿಸುವವರಾರು ಬಂದಾರು ಎಂದು ಕಿವಿಗೊಟ್ಟರೆ ಕೇಳಿಬರುವುದು, "ಮುಂದಿನ ನಿಲ್ದಾಣ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ!"

ಊರಿಗೆ ಹೊಸದಾಗಿ ಬಂದ ನೆಂಟರು ಇಲ್ಲಿ ಬೆರಗಾಗುವುದುಂಟು. "ಏನು ಸ್ವಾಮಿ, ಇಲ್ಲಿ ಇಳಿದವರಿಗೆಲ್ಲ ಒಂದೊಂದು ಸೋಪು ಕೊಡುತ್ತಾರೆಯೇ?" ಎಂದು ಯಾರಾದರೂ ಕೇಳಿದರೆ, "ಸೋಪಿಗೆ ದುಡ್ಡು ಕೊಡಬೇಕು, ವಾಸನೆ ಮಾತ್ರ ಪುಕ್ಕಟೆ" ಎಂದು ಉತ್ತರಿಸಬಲ್ಲ ವಿನೋದಪ್ರಿಯರು ರಾಜಾಜಿನಗರದಲ್ಲಿ ಕಡಿಮೆಯಿಲ್ಲ. ಮಾತಿನಲ್ಲಿ ಸತ್ಯವೂ ಇದೆ. ಗಾಳಿ ಅನುಕೂಲವಾಗಿ ಬೀಸಿದ ದಿನ ಆ ಹಾದಿಯಲ್ಲಿ ನಡೆಯುವವರ ಮೂಗಿಗೆ ಹೊಗೆ ಧೂಳುಗಳ ನಡುವೆಯೇ ಶ್ರೀಗಂಧದ ಎಳೆಯೊಂದು ತಾಗಿಹೋಗುತ್ತದೆ. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ ರೈಲು ಓಡತೊಡಗಿದಾಗ ನಿಲ್ದಾಣಕ್ಕೆ ಕಾರ್ಖಾನೆಯ ಹೆಸರೇ ನಿಂತದ್ದು ಆಶ್ಚರ್ಯವಲ್ಲ.

ಈ ಸೋಪಿನ ಕಥೆ ಆರಂಭವಾಗುವುದು ಸ್ನಾನದ ಮನೆಯಲ್ಲಲ್ಲ, ರಣರಂಗದಲ್ಲಿ. ಮೈಸೂರು ಸಂಸ್ಥಾನದ ಕಾಡುಗಳಲ್ಲಿ ಬೆಳೆದ ಶ್ರೀಗಂಧವು ವರ್ಷವರ್ಷವೂ ಹರಾಜಾಗಿ ಹಡಗನ್ನೇರುತ್ತಿತ್ತು. ಅದರ ಬಹುಪಾಲು ಜರ್ಮನಿಯನ್ನು ಸೇರಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮರ ನಮ್ಮದು, ಎಣ್ಣೆಯ ಲಾಭ ಅವರದು. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಜರ್ಮನಿಯ ವ್ಯಾಪಾರ ನಿಂತಿತು. ಕೊಳ್ಳುವವರಿಲ್ಲದೆ ಗಂಧದ ಕೊರಡುಗಳು ಉಳಿದವು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯನವರು ದಿವಾನರು. ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ನರು ಈ ತೊಡಕನ್ನು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಅವರ ಮುಂದಿಟ್ಟರು. ಅವರ ಪ್ರಯೋಗಗಳು ಫಲಿಸಿ, 1916-17ರ ಹೊತ್ತಿಗೆ ಸಂಸ್ಥಾನದಲ್ಲಿಯೇ ಗಂಧದೆಣ್ಣೆ ಬಟ್ಟಿಯಿಳಿಯತೊಡಗಿತು.

ಎಣ್ಣೆಯೇನೋ ಬಂತು, ಅದನ್ನು ಸೋಪಿಗೆ ಬೆರೆಸುವ ಬುದ್ಧಿ ಹೇಗೆ ಬಂತು? ವಿದೇಶದಿಂದ ಬಂದ ಅತಿಥಿಗಳು ಮಹಾರಾಜರಿಗೆ ಭಾರತದ ಗಂಧದೆಣ್ಣೆಯಿಂದಲೇ ಮಾಡಿದ ಸಾಬೂನುಗಳನ್ನು ಕಾಣಿಕೆಯಾಗಿ ಕೊಟ್ಟರೆಂದೂ, ನಮ್ಮ ಪರಿಮಳವನ್ನು ನಮಗೇ ಉಡುಗೊರೆಯಾಗಿ ಪಡೆಯುವ ಈ ವಿಚಿತ್ರವು ಅರಸರ ಮನಸ್ಸಿಗೆ ನಾಟಿತೆಂದೂ ಪ್ರತೀತಿ. 1918ರಲ್ಲಿ ಕಬ್ಬನ್ ಪಾರ್ಕಿನ ಬಳಿ ಸರ್ಕಾರಿ ಸಾಬೂನು ಕಾರ್ಖಾನೆ ತಲೆಯೆತ್ತಿತು.

ಕೆಲಸಕ್ಕೆ ಕೈಹಾಕಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಮನೆತನದ ಹೆಸರು ಕೇಳಿದರೆ ಪಂಚಾಂಗ, ಮಡಿ, ಮಂತ್ರಗಳು ನೆನಪಾಗುತ್ತವೆ; ಇವರು ಹಿಡಿದದ್ದು ಕೊಬ್ಬು ಕ್ಷಾರಗಳ ರಸಾಯನಶಾಸ್ತ್ರವನ್ನು. ಹೆಚ್ಚಿನ ತರಬೇತಿಗಾಗಿ ಇಂಗ್ಲೆಂಡಿಗೆ ಹೋಗಿಬಂದ ಇವರಿಗೆ ಜನ ಪ್ರೀತಿಯಿಂದ ಇಟ್ಟ ಹೆಸರು 'ಸೋಪ್ ಶಾಸ್ತ್ರಿ'. ಅವರ ಮುಂದಿದ್ದ ಪ್ರಶ್ನೆ ಸಣ್ಣದಲ್ಲ. ಸೋಪು ಬೇಯುವ ಕೊಪ್ಪರಿಗೆಯ ಕಾವು, ಅದರಲ್ಲಿನ ಕ್ಷಾರ, ಎರಡೂ ಸುಗಂಧಕ್ಕೆ ಶತ್ರುಗಳು. ಆದುದರಿಂದಲೇ ಒಳ್ಳೆಯ ಸೋಪಿನಲ್ಲಿ ಪರಿಮಳವನ್ನು ಕೊನೆಗೆ, ತಣಿದು ಚೂರಾದ ಸೋಪನ್ನು ಉರುಳೆಗಳ ನಡುವೆ ಅರೆಯುವಾಗ ಸೇರಿಸುವುದು ವಾಡಿಕೆ. ಗಂಧದೆಣ್ಣೆಗೆ ಇನ್ನೊಂದು ಗುಣವೂ ಉಂಟು. ಅದು ಮಲ್ಲಿಗೆಯ ಪರಿಮಳದಂತೆ ಅವಸರದಿಂದ ಹಾರಿಹೋಗುವುದಿಲ್ಲ. ನಿಧಾನವಾಗಿ ಆವಿಯಾಗುತ್ತದೆ, ಜೊತೆಗಿರುವ ಇತರ ಸುಗಂಧಗಳನ್ನೂ ಹಿಡಿದಿಡುತ್ತದೆ. ಸೋಪು ಸವೆದು ಹೋದ ಮೇಲೂ ಅದರ ಖಾಲಿ ಪೆಟ್ಟಿಗೆ ಘಮಘಮಿಸುವುದರ ಗುಟ್ಟು ಇದೇ.

ಪೆಟ್ಟಿಗೆಯೆಂದ ಮೇಲೆ ಅದರ ಮಾತನ್ನೂ ಹೇಳಬೇಕು. ಬೇರೆಯವರ ಸೋಪು ಚೌಕವಾಗಿದ್ದ ಕಾಲದಲ್ಲಿ ಇದು ಮೊಟ್ಟೆಯಾಕಾರ ತಳೆಯಿತು. ನಮ್ಮ ಜನಕ್ಕೆ ಒಡವೆಯ ಮೇಲಿರುವ ಮೋಹವನ್ನು ಬಲ್ಲವರು ಅದನ್ನು ಒಡವೆಯ ಡಬ್ಬಿಯಂಥ ಪೆಟ್ಟಿಗೆಯಲ್ಲಿ, ನವುರಾದ ಹೊದಿಕೆ ಸುತ್ತಿ, ಮೂರು ಮೂರರಂತೆ ಮಲಗಿಸಿದರು. ಲಾಂಛನಕ್ಕೆ ಬಂದದ್ದು ಸಿಂಹದ ಮೈ, ಆನೆಯ ತಲೆಯ ಶರಭ. ಪುರಾಣದ ಶರಭಕ್ಕೆ ಎಂಟು ಕಾಲುಗಳೆಂದು ಹೇಳುತ್ತಾರೆ. ಸೋಪಿನ ಶರಭವು ನಾಲ್ಕರಲ್ಲಿಯೇ ತೃಪ್ತಿಪಟ್ಟುಕೊಂಡಿದೆ. ಕರ್ನಾಟಕದ ರಾಜ್ಯಲಾಂಛನದಲ್ಲಿ ಗಂಡಭೇರುಂಡದ ಎಡಬಲಕ್ಕೆ ನಿಂತಿರುವುದೂ ಇದೇ ಬಗೆಯ ಪ್ರಾಣಿಯೆಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೋ! ಟ್ರಾಮ್ ಟಿಕೆಟ್ಟಿನಿಂದ ಬೆಂಕಿಪೊಟ್ಟಣದವರೆಗೆ ಸಿಕ್ಕ ಸಿಕ್ಕ ಕಡೆಯಲ್ಲೆಲ್ಲ ಸೋಪಿನ ಜಾಹೀರಾತು ಏರಿತು. ಕರಾಚಿಯಲ್ಲಂತೂ ಒಂಟೆಗಳ ಮೆರವಣಿಗೆಯನ್ನೇ ನಡೆಸಿದರು. ಮೈಸೂರಿನ ದಸರಾ ಆನೆಗಳಿಗೆ ಒಂಟೆಗಳು ಉತ್ತರ ಕೊಟ್ಟಂತಾಯಿತು.

ಕ್ಯಾಮೆರಾ ಹಿಡಿಯುವ ಹವ್ಯಾಸಿಗಳಿಗೆ ಇಲ್ಲೊಂದು ಸಣ್ಣ ಸೂಚನೆ. ಪರಿಮಳದ ಚಿತ್ರ ತೆಗೆಯುವ ಯಂತ್ರ ಇನ್ನೂ ಹುಟ್ಟಿಲ್ಲವಾದರೂ ಸೋಪಿನ ಮೇಲಿನ ಉಬ್ಬು ಅಚ್ಚಿನ ಚಿತ್ರ ತೆಗೆಯಬಹುದು. ಎದುರಿನಿಂದ ಫ್ಲಾಶ್ ಹಾಕಿದರೆ ಅಚ್ಚು ಮಾಯವಾಗಿ ಬರಿಯ ಬೆಳ್ಳನೆಯ ಮುದ್ದೆ ಉಳಿಯುತ್ತದೆ. ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಕಿಟಕಿಯ ಪಕ್ಕದಲ್ಲಿಟ್ಟು, ಎದುರು ಬದಿಗೊಂದು ಬಿಳಿಯ ಕಾಗದ ನಿಲ್ಲಿಸಿ ತೆಗೆದರೆ ನೆರಳು ಬೆಳಕುಗಳ ಆಟದಲ್ಲಿ ಗೆರೆ ಗೆರೆಯೂ ಎದ್ದು ಕಾಣುತ್ತದೆ. ಹಳೆಯ ನಾಣ್ಯಗಳಿಗೂ ಶಾಸನದ ಕಲ್ಲುಗಳಿಗೂ ಇದೇ ಉಪಾಯ.

ಕಾರ್ಖಾನೆಯು ಕಬ್ಬನ್ ಪಾರ್ಕಿನ ನೆರೆಯನ್ನು ಬಿಟ್ಟು ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂದದ್ದು 1957ರಲ್ಲಿ. 1980ರಲ್ಲಿ ಅದು ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವೆಂಬ ಹೆಸರು ಪಡೆಯಿತು. 2006ರಲ್ಲಿ ಸೋಪಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಇತ್ತ ಸುತ್ತಮುತ್ತ ಊರು ಬದಲಾಗುತ್ತಲೇ ಹೋಯಿತು. ಸಮೀಪದ ಬಂಡೆಗುಡ್ಡದ ಮೇಲೆ 1997ರಲ್ಲಿ ಇಸ್ಕಾನ್ ದೇವಾಲಯ ತೆರೆಯಿತು. ಹಿಂದೆ ಕಾರ್ಖಾನೆಗಳಿದ್ದೆಡೆಗಳಲ್ಲಿ ಗಗನಚುಂಬಿ ಕಟ್ಟಡಗಳೂ ಮಾಲುಗಳೂ ಬಂದವು. ಸೋಪು ಮಾತ್ರ ಕದಲಲಿಲ್ಲ.

ಮನೆಗಳಲ್ಲಿ ಈ ಸೋಪಿಗೆ ಇರುವ ಮರ್ಯಾದೆಯೇ ಬೇರೆ. ನೆಂಟರು ಬಂದಾಗ ಹೊಸದು ಹೊರಗೆ ಬರುತ್ತದೆ, ಹೊರಟ ಮರುಗಳಿಗೆ ಒಳಗೆ ಹೋಗುತ್ತದೆ. ಬಾಣಂತಿಯ ತೌರಿಗೆ ಹೋಗುವ ಚೀಲದಲ್ಲಿ ಅದಕ್ಕೆ ಸ್ಥಳ ಮೀಸಲು. ಸವೆದು ಕಾಗದದಷ್ಟು ತೆಳುವಾದ ಬಿಲ್ಲೆಯನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುವ ಕಲೆಯಲ್ಲಿ ಗೃಹಿಣಿಯರನ್ನು ಮೀರಿಸುವವರಿಲ್ಲ. "ಅದನ್ನು ಬಿಸಾಡಬಾರದೇನಜ್ಜಿ?" ಎಂದು ಮೊಮ್ಮಗ ಕೇಳಿದರೆ, "ಬಿಸಾಡೋಕೆ ಅದೇನು ಸೋಪೇನೋ, ಗಂಧ ಕಣೋ!" ಎಂಬ ಉತ್ತರ ಸಿದ್ಧ. ಖಾಲಿ ಪೆಟ್ಟಿಗೆಗೆ ಪಿನ್ನು, ಗುಂಡಿ, ಸೂಜಿಗಳ ಸಂಸಾರ; ಹೊದಿಕೆಯ ಕಾಗದಕ್ಕೆ ರೇಷ್ಮೆ ಸೀರೆಯ ಮಡಿಕೆಯಲ್ಲಿ ವಾಸ.

ಮರ್ಯಾದೆ ಇದ್ದಲ್ಲಿ ಮೋಸವೂ ಹಿಂಬಾಲಿಸುತ್ತದೆ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪು ತಯಾರಿಸುತ್ತಿದ್ದ ಘಟಕವೊಂದು ಸಿಕ್ಕಿಬಿದ್ದಿತು. ಅನಾಮಧೇಯ ದೂರವಾಣಿ ಕರೆಯೊಂದರಿಂದ ಸುಳಿವು ಸಿಕ್ಕಿತೆಂದು ಕೈಗಾರಿಕಾ ಸಚಿವ ಎಂ. ಬಿ. ಪಾಟೀಲರು ಪ್ರಕಟಿಸಿದರು, ವಶಪಡಿಸಿಕೊಂಡ ಮಾಲಿನ ಬೆಲೆ ಸುಮಾರು 2 ಕೋಟಿ ರೂಪಾಯಿ. ಚಿನ್ನ ನಕಲಿ ಬಂದದ್ದು ಕೇಳಿದ್ದೇವೆ, ನೋಟು ನಕಲಿ ಬಂದದ್ದು ಕೇಳಿದ್ದೇವೆ. ಸೋಪಿಗೂ ಆ ಯೋಗ ಬಂದಿತು. ಮರುವರ್ಷ, 2025ರ ಮೇ ತಿಂಗಳಲ್ಲಿ, ಪ್ರಚಾರಕ್ಕಾಗಿ ನಟಿ ತಮನ್ನಾ ಅವರನ್ನು 6.2 ಕೋಟಿ ರೂಪಾಯಿಗೆ ನೇಮಿಸಿದಾಗ ಕನ್ನಡದ ನಟಿಯರಿಲ್ಲವೇ ಎಂಬ ಕೂಗೆದ್ದು, ಕೆಲವು ದಿನ ನಾಡಿನ ತುಂಬ ಸೋಪಿನದೇ ಮಾತು. ನೊರೆ ಆಮೇಲೆ ತಾನಾಗಿ ಇಳಿಯಿತು.

ನೊರೆಗಿಂತ ಗಂಭೀರವಾದುದು ಮರದ ಸಂಗತಿ. ಶ್ರೀಗಂಧದ ಮರವು ಸ್ವಭಾವದಿಂದಲೇ ಅರೆಗಳ್ಳ. ಅದರ ಬೇರುಗಳು ನೆಲದೊಳಗೆ ನೆರೆಯ ಗಿಡಗಳ ಬೇರುಗಳನ್ನು ಹಿಡಿದು ನೀರನ್ನೂ ಸಾರವನ್ನೂ ಹೀರುತ್ತವೆ. ಆಸರೆಯ ಗಿಡವಿಲ್ಲದಿದ್ದರೆ ಅದು ಸೊರಗುತ್ತದೆ. ಕದ್ದು ಕೂಡಿಟ್ಟುದನ್ನು ಕದಿಯಲು ಮನುಷ್ಯರು ಬರುತ್ತಾರೆ. ನಗರದ ನಡುವಿನ ಉದ್ಯಾನಗಳಿಂದಲೇ ರಾತ್ರೋರಾತ್ರಿ ಗಂಧದ ಮರಗಳು ಕಾಣೆಯಾದ ಸುದ್ದಿ ಬೆಂಗಳೂರಿನ ಪತ್ರಿಕೆಗಳಿಗೆ ಹೊಸದಲ್ಲ. ಎಣ್ಣೆಯಿರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಕೂಡಲು ಹತ್ತಾರು ವರ್ಷ ಬೇಕು, ಒಳ್ಳೆಯದಾಗಿ ಬಲಿಯಲು ಇಪ್ಪತ್ತೈದು ಮೂವತ್ತು. ನೂರು ಕಿಲೋ ಒಳ್ಳೆಯ ಚೇಗಿನಿಂದ ಇಳಿಯುವ ಎಣ್ಣೆ ಐದಾರು ಕಿಲೋ ಆದರೆ ಅದೇ ಹೆಚ್ಚು.

ಇಷ್ಟು ಬೆಲೆಯ ಮರವನ್ನು ರೈತರು ಏಕೆ ಬೆಳೆಸಲಿಲ್ಲ? 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಅನಂತರ ಬಂದ ಸರ್ಕಾರಗಳೂ ಅದನ್ನೇ ಮುಂದುವರಿಸಿದವು. ಸ್ವಂತ ಹಿತ್ತಿಲಿನಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿಯೂ ಸರ್ಕಾರದ್ದು. ಅದು ಕಳುವಾದರೆ ಉತ್ತರ ಹೇಳಬೇಕಾದವನು ಮಾತ್ರ ಹಿತ್ತಿಲಿನ ಯಜಮಾನ. ಈ ಗೋಜು ಯಾರಿಗೆ ಬೇಕೆಂದು ಸಸಿಯನ್ನು ಮೊಳಕೆಯಲ್ಲಿಯೇ ಚಿವುಟಿದವರು ಅದೆಷ್ಟೋ ಮಂದಿ. ಮರವನ್ನು ಕಾಪಾಡಲು ಹೊರಟ ಕಾನೂನೇ ಮರಕ್ಕೆ ಮುಳುವಾಯಿತೆಂದರೆ ತಪ್ಪಲ್ಲ. ಸಾಲದುದಕ್ಕೆ ಎಲೆಗಳನ್ನು ಚಿಕ್ಕದಾಗಿಸಿ ಮರವನ್ನೇ ಒಣಗಿಸುವ ಸ್ಪೈಕ್ ರೋಗ ಬೇರೆ. 2001ರಲ್ಲಿ ಕರ್ನಾಟಕವು ಕಾನೂನನ್ನು ತಿದ್ದಿ, ಜಮೀನಿನ ಒಡೆಯನೇ ಮರದ ಒಡೆಯನೆಂದು ಒಪ್ಪಿಕೊಂಡಿತು. ಮಾರಾಟಕ್ಕೆ ನಿಯಮಗಳ ಬೇಲಿ ಉಳಿಯಿತಾದರೂ ನೆಡುವ ಭಯ ತಗ್ಗಿತು. ಗಂಧದ ಕೊರತೆ ಕಂಡಿದ್ದ ಸೋಪಿನ ಸಂಸ್ಥೆಯೂ ಗಂಧ ಬೆಳೆಯಿರೆಂದು ರೈತರನ್ನು ಹುರಿದುಂಬಿಸತೊಡಗಿತು.

ಅಷ್ಟರಲ್ಲಿ ಇನ್ನೊಂದು ವಿಚಿತ್ರ ನಡೆದುಹೋಗಿತ್ತು. ನಮ್ಮ ಕಾಡಿನ ಇದೇ ಜಾತಿಯ ಶ್ರೀಗಂಧವು ಸಮುದ್ರ ದಾಟಿ, ಪಶ್ಚಿಮ ಆಸ್ಟ್ರೇಲಿಯಾದ ಕುನುನುರ ಎಂಬ ಊರಿನ ಸುತ್ತ ಸಾವಿರಾರು ಎಕರೆಗಳ ತೋಟಗಳಾಗಿ ಬೆಳೆದು ನಿಂತಿತ್ತು. ಒಂದು ಕಾಲಕ್ಕೆ ಕೊರಡನ್ನು ಹೊರದೇಶಕ್ಕೆ ಕಳುಹಿಸಿ ಎಣ್ಣೆಗಾಗಿ ಅವರ ಮುಖ ನೋಡಿದ ನಾಡಿಗೆ, ಈಗ ಮರದ ವಿಷಯದಲ್ಲಿಯೇ ಹೊರದೇಶದ ಪೈಪೋಟಿ.

2001ರ ಬಳಿಕ ಧೈರ್ಯಮಾಡಿ ನೆಟ್ಟವರ ಸಸಿಗಳಿಗೆ ಈಗ ಚೇಗು ಕೂಡುವ ವಯಸ್ಸು. ಮರಕ್ಕೆ ಬೆಲೆ ಬಂದಂತೆಲ್ಲ ಒಡೆಯನ ನಿದ್ದೆ ಕಡಿಮೆಯಾಗುತ್ತದೆ. ತೋಟದ ಸುತ್ತ ತಂತಿ, ಕಂಬಕ್ಕೊಂದು ಕ್ಯಾಮೆರಾ, ಬಾಗಿಲಲ್ಲಿ ನಾಯಿ. ನಾಯಿ ಬೊಗಳಿದಾಗಲೆಲ್ಲ ಟಾರ್ಚು ಹಿಡಿದು ಎದ್ದು, ಸಾಲಿನಲ್ಲಿರುವ ಮರಗಳನ್ನು ಎಣಿಸಿ ಬಂದು ಮಲಗಬೇಕು.