ಬಿಂದಿಗೆಯಷ್ಟು ಕಡಲು

೧೮೪೬ನೆಯ ಇಸವಿಯ ಮಾತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಬಳಿಯ ಮನೆಯೊಂದರಲ್ಲಿ, ತೆರೆದ ಕಿಟಕಿಯ ಮುಂದೆ ಪರಿಚಾರಿಕೆಯೊಬ್ಬಳು ನಿಂತು ಒಂದು ಪಾತ್ರೆಯ ನೀರನ್ನು ಇನ್ನೊಂದಕ್ಕೆ ಎತ್ತಿ ಹೊಯ್ಯುವಳು; ಅದನ್ನೇ ಮತ್ತೆ ಮೊದಲಿನ ಪಾತ್ರೆಗೆ ಹೊಯ್ಯುವಳು. ನಮ್ಮ ಮನೆಗಳಲ್ಲಿ ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಆರಿಸುವ ಹಾಗೆ. ಆದರೆ ಈ ಕೆಲಸ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ನಡೆಯುತ್ತಿತ್ತು. ಪಾತ್ರೆಯಲ್ಲಿದ್ದುದು ಸಮುದ್ರದ ನೀರು. ಆ ನೀರನ್ನು ಕಾದಿದ್ದುದು ಗಾಜಿನ ಬೋಗುಣಿಯೊಳಗಿನ ಕೆಲವು ಜೀವಂತ ಹವಳಗಳು.

ಆ ಮನೆಯ ಒಡತಿಯ ಹೆಸರು ಆನಾ ಥಿನ್. ಟಾರ್ಕೀ ಎಂಬ ಕರಾವಳಿಯ ಊರಿಗೆ ಹೋಗಿದ್ದಾಗ ಆಕೆ ಹವಳಗಳನ್ನು ಕಂಡು ಮರುಳಾದಳು. ಅವುಗಳನ್ನು ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಸಮುದ್ರದ ನೀರು ತುಂಬಿದ ಜಾಡಿಯಲ್ಲಿ ಲಂಡನ್ನಿಗೆ ತಂದಳು. ತಂದ ನೀರು ಹೆಚ್ಚು ಕಾಲ ಸಾಲಲಿಲ್ಲ. ಇದ್ದ ನೀರಿಗೇ ಗಾಳಿಯನ್ನು ಬೆರೆಸುವ ಉಪಾಯವನ್ನು ಆಗ ಹೂಡಿದಳು. ಮರುವರ್ಷ ಕಡಲ ಪಾಚಿಯನ್ನೂ ಬೋಗುಣಿಗೆ ಸೇರಿಸಿದಳು. ಹೀಗೆ ಕಡಲಿನಿಂದ ದೂರದ ಮಹಾನಗರದಲ್ಲಿ ಹವಳಗಳು ವರ್ಷಗಟ್ಟಲೆ ಬದುಕಿದವು. ಲಂಡನ್ನಿನ ಪ್ರಾಣಿಸಂಗ್ರಹಾಲಯ ತನ್ನ ಮತ್ಸ್ಯಾಗಾರವನ್ನು ತೆರೆದುದು ೧೮೫೩ರಲ್ಲಿ. ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿತಜ್ಞನ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಹೊರಬಂದುದು ೧೮೫೪ರಲ್ಲಿ. ಆನಾ ಥಿನ್‌ಳ ಬೋಗುಣಿ ಇವೆರಡಕ್ಕೂ ಹಿರಿಯದು.

ಅಂದು ಒಬ್ಬ ಶ್ರೀಮಂತ ಗೃಹಿಣಿಯ ವಿನೋದವಾಗಿದ್ದುದು ಇಂದು ಸಾಮಾನ್ಯ ಸಂಸಾರದ ಮೇಜಿನ ಮೇಲೆ ಬಂದು ಕುಳಿತಿದೆ. ಇಪ್ಪತ್ತು ಲೀಟರಿನ ಗಾಜಿನ ತೊಟ್ಟಿ; ಕಲ್ಲು ಮರಳುಗಳು ಹಿಡಿದ ಜಾಗವನ್ನು ಕಳೆದರೆ ಅದರಲ್ಲಿರುವುದು ಸುಮಾರು ಹದಿನಾರು ಲೀಟರ್ ನೀರು. ಎಂದರೆ ಒಂದು ಬಿಂದಿಗೆಯಷ್ಟು ಕಡಲು! ಇಷ್ಟು ಅಲ್ಪ ನೀರಿನಲ್ಲಿ ನೆಲೆಗೊಳ್ಳಬಲ್ಲ ಸಹನಶೀಲ ಜೀವಿಗಳಲ್ಲಿ ‘ಅಣಬೆ ಹವಳ’ ಮುಖ್ಯವಾದುದು.

ಹವಳವಲ್ಲದ ಹವಳ

ಹೆಸರು ಹವಳವಾದರೂ ಇದು ಉಂಗುರಕ್ಕೆ ಕೂರಿಸುವ ಕೆಂಪು ಹವಳವಲ್ಲ. ದ್ವೀಪಗಳನ್ನು ಕಟ್ಟುವ ಗಟ್ಟಿ ಹವಳವೂ ಅಲ್ಲ. ಅವುಗಳಿಗಿರುವ ಸುಣ್ಣದ ಅಸ್ಥಿಪಂಜರ ಇದಕ್ಕಿಲ್ಲ. ಗಿಡ್ಡನೆಯ ಒಂದು ಕಾಲು, ಅದರ ಮೇಲೆ ಅಗಲವಾಗಿ ಅರಳಿದ ಒಂದು ತಟ್ಟೆ, ತಟ್ಟೆಯ ನಡುವೆ ಒಂದು ಬಾಯಿ. ಇಷ್ಟೇ ಅದರ ಶರೀರ. ಮಳೆಗಾಲದಲ್ಲಿ ಕೊಳೆತ ಮರದ ಮೇಲೇಳುವ ಅಣಬೆಯನ್ನು ನೋಡಿದವರು ಈ ಹೆಸರಿನ ಔಚಿತ್ಯವನ್ನು ಒಪ್ಪದಿರಲಾರರು. ಡಿಸ್ಕೊಸೋಮ, ರೋಡಾಕ್ಟಿಸ್, ರಿಕಾರ್ಡಿಯ ಎಂಬವು ಇವುಗಳಲ್ಲಿ ಪ್ರಸಿದ್ಧವಾದ ಕುಲಗಳು. ಒಂದು ಕೆಂಪಾದರೆ ಒಂದು ನೀಲಿ. ಒಂದರ ಮೈ ನಯವಾದರೆ ಇನ್ನೊಂದರ ಮೈತುಂಬ ಹಸಿರು ಗುಳ್ಳೆಗಳು.

ಇದರ ಆಹಾರದ ವ್ಯವಸ್ಥೆ ಇನ್ನೂ ಸೋಜಿಗದ್ದು. ಇದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಗಳು ಲಕ್ಷಾಂತರವಾಗಿ ವಾಸಿಸುತ್ತವೆ. ಅವು ಬೆಳಕಿನಿಂದ ಸಕ್ಕರೆಯನ್ನು ತಯಾರಿಸಿ, ಮನೆಯೊಡೆಯನಿಗೆ ಬಾಡಿಗೆಯೆಂಬಂತೆ ಒಪ್ಪಿಸುತ್ತವೆ. ಆದ್ದರಿಂದ ಇದಕ್ಕೆ ಬೆಳಕೇ ಅನ್ನ. ಆದರೂ ಪ್ರಖರವಾದ ಬೆಳಕನ್ನಾಗಲಿ ನೀರಿನ ಬಿರುಸಾದ ಸೆಳೆತವನ್ನಾಗಲಿ ಇದು ಬಯಸದು. ನೆರಳು ಬೆರೆತ ಬೆಳಕು, ಮಂದವಾದ ಚಲನೆ, ಇವಿಷ್ಟಿದ್ದರೆ ತೃಪ್ತಿ.

ದೊಡ್ಡದು ಕ್ಷಮಿಸುತ್ತದೆ, ಚಿಕ್ಕದು ಕ್ಷಮಿಸದು

ಚಿಕ್ಕ ತೊಟ್ಟಿಯಾದರೆ ಚಿಕ್ಕ ಕೆಲಸವೆಂದು ಭಾವಿಸುವುದು ಸಹಜ. ವಾಸ್ತವ ಇದಕ್ಕೆ ತೀರ ವಿರುದ್ಧವಾದುದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು ೩೫ ಗ್ರಾಂ ಲವಣವಿರುತ್ತದೆ. ನೀರು ಆರಿಹೋಗುವಾಗ ನೀರು ಮಾತ್ರ ಹೋಗುತ್ತದೆ. ಲವಣ ಅಲ್ಲಿಯೇ ಉಳಿಯುತ್ತದೆ. ಹದಿನಾರು ಲೀಟರ್ ನೀರಿನಲ್ಲಿರುವ ಲವಣ ೫೬೦ ಗ್ರಾಂ. ಸಂಸಾರವೆಲ್ಲ ಮದುವೆಗೆಂದು ನಾಲ್ಕು ದಿನ ಊರಿಗೆ ಹೋಯಿತೆನ್ನಿ. ದಿನಕ್ಕೆ ಅರ್ಧ ಲೀಟರಿನಂತೆ ಎರಡು ಲೀಟರ್ ನೀರು ಆರಿದರೆ, ಉಳಿದ ಹದಿನಾಲ್ಕು ಲೀಟರಿನಲ್ಲಿ ಲವಣದ ಪ್ರಮಾಣ ಲೀಟರಿಗೆ ೪೦ ಗ್ರಾಂ ಆಗುತ್ತದೆ. ಅದೇ ಎರಡು ಲೀಟರ್ ನೀರು ನಾನೂರು ಲೀಟರಿನ ತೊಟ್ಟಿಯಲ್ಲಿ ಆರಿದರೆ ೩೫ ಎಂಬುದು ೩೫.೨ ಕೂಡ ಆಗದು. ಕಡಲಿನ ವೈಶಾಲ್ಯವೇ ಕಡಲ ಜೀವಿಗಳಿಗೆ ರಕ್ಷೆ. ಅದನ್ನು ಬಿಂದಿಗೆಗೆ ಇಳಿಸಿದಾಗ, ವೈಶಾಲ್ಯ ಮಾಡುತ್ತಿದ್ದ ಕೆಲಸವನ್ನು ಮನುಷ್ಯನ ಎಚ್ಚರವೇ ಮಾಡಬೇಕಾಗುತ್ತದೆ.

ಆದುದರಿಂದ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಲಕರಣೆ ಅಂಗಡಿಯಲ್ಲಿ ದೊರೆಯುವುದಿಲ್ಲ. ತೊಟ್ಟಿಯ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದು, ದಿನವೂ ಬೆಳಗ್ಗೆ ಆ ಗೆರೆಯವರೆಗೆ ಸಿಹಿನೀರನ್ನು ತುಂಬುವ ಅಭ್ಯಾಸವೇ ಆ ಸಲಕರಣೆ. ಉಪ್ಪುನೀರಲ್ಲ, ಸಿಹಿನೀರು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಮೊದಲು ನೀರು, ಆಮೇಲೆ ಕಾಯುವಿಕೆ

ನಲ್ಲಿಯ ನೀರು ಈ ಕೆಲಸಕ್ಕೆ ಒದಗದು. ಅದರಲ್ಲಿನ ಕ್ಲೋರಿನ್ ಹವಳಕ್ಕೆ ಹಾನಿಕರ. ಕರಗಿದ ಇತರ ಪದಾರ್ಥಗಳು ಪಾಚಿಯನ್ನು ಕೊಬ್ಬಿಸುತ್ತವೆ. ಆರ್.ಓ. ಯಂತ್ರದಿಂದ ಶುದ್ಧಗೊಂಡ, ಕರಗಿದ ಲವಣಗಳ ಅಳತೆ ಸೊನ್ನೆಗೆ ಸಮೀಪವಿರುವ ನೀರೇ ಬೇಕು. ಕುಡಿಯುವ ಸಲುವಾಗಿ ಮತ್ತೆ ಖನಿಜಗಳನ್ನು ಬೆರೆಸುವ ಯಂತ್ರದ ನೀರು ಪ್ರಯೋಜನವಿಲ್ಲ. ಅಡುಗೆಯ ಉಪ್ಪೂ ಸಲ್ಲದು. ಕಡಲ ನೀರಿನಲ್ಲಿ ಉಪ್ಪಿನೊಂದಿಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದುವೂ ಇರುವುದರಿಂದ, ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಕೃತಕ ಸಮುದ್ರಲವಣವನ್ನೇ ಕೊಳ್ಳಬೇಕು. ಅದನ್ನು ಹಿಂದಿನ ದಿನವೇ ಕದಡಿಟ್ಟು, ಸಾಪೇಕ್ಷ ಸಾಂದ್ರತೆ ೧.೦೨೫ರ ಹತ್ತಿರಕ್ಕೆ ಬಂದಿದೆಯೆಂದು ಮಾಪಕದಿಂದ ಖಚಿತಪಡಿಸಿಕೊಳ್ಳಬೇಕು.

ತಳಕ್ಕೆ ಒಂದಂಗುಲದಷ್ಟು ಮರಳು, ಅದರ ಮೇಲೆ ರಂಧ್ರಗಳುಳ್ಳ ಎರಡು ಮೂರು ಕಿಲೋ ಕಲ್ಲು. ಈ ಕಲ್ಲು ಕೇವಲ ಅಲಂಕಾರವಲ್ಲ. ಜಕಾರ್ತಾ ನಗರದ ಲೀ ಚಿನ್ ಎಂಗ್ ಎಂಬಾತ ೧೯೬೧ರಲ್ಲಿ ಅಮೆರಿಕದ ಒಂದು ಮತ್ಸ್ಯಪ್ರಿಯರ ಪತ್ರಿಕೆಯಲ್ಲಿ ತನ್ನ ವಿಧಾನವನ್ನು ವಿವರಿಸಿದ. ಜೀವಂತವಾದ ಕಲ್ಲು, ಗಾಳಿಯ ಗುಳ್ಳೆಗಳು, ಬೆಳಕು: ಇವುಗಳಿಂದಲೇ ಕಡಲ ಜೀವಿಗಳನ್ನು ಸಾಕಬಹುದೆಂಬುದು ಅವನ ಸಿದ್ಧಾಂತ. ಕಲ್ಲಿನ ರಂಧ್ರಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳೇ ಆ ತೊಟ್ಟಿಯ ಜಾಡಮಾಲಿಗಳು. ಕೊಳೆಯುವ ಪದಾರ್ಥದಿಂದ ವಿಷಕಾರಿಯಾದ ಅಮೋನಿಯ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟನ್ನಾಗಿಯೂ, ಮತ್ತೊಂದು ಬಗೆಯವು ಅದನ್ನು ಅಷ್ಟಾಗಿ ಹಾನಿಯಿಲ್ಲದ ನೈಟ್ರೇಟನ್ನಾಗಿಯೂ ಪರಿವರ್ತಿಸುತ್ತವೆ.

ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ತೊಟ್ಟಿಯೊಳಗೆ ಮೀನಿನ ಆಹಾರದ ಒಂದು ಚಿಟಿಕೆಯನ್ನು ಹಾಕಿ, ಅದು ಕೊಳೆಯುವುದನ್ನೂ ಅಮೋನಿಯ ಏರಿ ಇಳಿಯುವುದನ್ನೂ ಪರೀಕ್ಷಾದ್ರಾವಣಗಳಿಂದ ಅಳೆಯುತ್ತ ಕಾಯಬೇಕು. ಮನೆಯ ಮಕ್ಕಳಿಗೆ ಈ ಕಾಲ ಬಲು ದೀರ್ಘವಾಗಿ ತೋರುವುದು. ದೀಪ ಉರಿಯುತ್ತಿದೆ, ನೀರು ಚಲಿಸುತ್ತಿದೆ, ಒಳಗೆ ಮಾತ್ರ ಯಾರೂ ಇಲ್ಲ! ಆದರೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವ ಮುನ್ನ ಜೀವಿಯನ್ನು ಬಿಡುವುದೆಂದರೆ ವಿಷದ ಬಾವಿಗೆ ನೂಕಿದಂತೆಯೇ ಸರಿ.

ಅತಿಥಿಯ ಆಗಮನ

ಅಣಬೆ ಹವಳವನ್ನು ತಂದ ದಿನ ತೊಟ್ಟಿಯ ನೀರನ್ನು ಅದರ ಚೀಲಕ್ಕೆ ಹನಿಹನಿಯಾಗಿ ಬೆರೆಸಿ, ಒಂದು ಗಂಟೆಯ ಕಾಲ ಹೊಂದಿಕೊಳ್ಳಲು ಬಿಡುವುದು ಲೇಸು. ಕಲ್ಲಿಗೆ ಅಂಟಿಕೊಂಡಿಲ್ಲದ ಹವಳವನ್ನು ಗೋಂದು ಹಾಕಿ ಅಂಟಿಸುವುದು ಕಷ್ಟ. ಅದರ ಮೈಯ ಲೋಳೆ ಗೋಂದನ್ನು ಹಿಡಿಯಗೊಡದು. ಸಣ್ಣ ಬಟ್ಟಲಿನಲ್ಲಿ ಕಲ್ಲಿನ ಚೂರುಗಳ ಮೇಲೆ ಅದನ್ನಿರಿಸಿ, ಮೇಲೆ ಬಲೆಯ ತುಂಡೊಂದನ್ನು ಕಟ್ಟಿ, ನೀರಿನ ಸೆಳೆತವಿಲ್ಲದ ಮೂಲೆಯಲ್ಲಿಟ್ಟರೆ ಒಂದೆರಡು ವಾರದಲ್ಲಿ ತಾನಾಗಿಯೇ ಕಾಲೂರುತ್ತದೆ. ದೀಪ ದಿನಕ್ಕೆ ಎಂಟು ಗಂಟೆಯ ಕಾಲ ಉರಿದರೆ ಸಾಕು.

ಹೊಂದಿಕೊಂಡ ಹವಳ ವೃದ್ಧಿಯಾಗುವ ರೀತಿಯೂ ವಿಶಿಷ್ಟ. ಒಮ್ಮೊಮ್ಮೆ ಒಂದು ಎರಡಾಗಿ ಸೀಳಿಕೊಳ್ಳುತ್ತದೆ. ಕೆಲವೊಮ್ಮೆ ಮೆಲ್ಲನೆ ಸರಿದುಹೋಗುವಾಗ ಕಾಲಿನ ಚೂರನ್ನು ಹಿಂದೆ ಬಿಟ್ಟುಹೋಗುತ್ತದೆ. ಆ ಚೂರೇ ಬೆಳೆದು ಹೊಸ ಅಣಬೆಯಾಗುತ್ತದೆ. ವಾರಕ್ಕೊಮ್ಮೆ ಎರಡು ಲೀಟರ್ ನೀರನ್ನು ತೆಗೆದು, ಅದೇ ಲವಣಾಂಶದ ಮತ್ತು ಅದೇ ಉಷ್ಣತೆಯ ಹೊಸ ನೀರನ್ನು ತುಂಬಿದರೆ ಬೇರೆ ಉಪಚಾರ ಹೆಚ್ಚು ಬೇಕಿಲ್ಲ. ಒಂದೆರಡು ಕಡಲ ಬಸವನಹುಳುಗಳು ಪಾಚಿಯನ್ನು ಮೇಯುತ್ತಿರಲಿ. ಮೀನಿನ ಆಸೆಯನ್ನು ಬಿಂದಿಗೆಯಷ್ಟು ನೀರಿನಲ್ಲಿ ತೊರೆಯುವುದೇ ಜಾಣತನ. ತಾಮ್ರ ಬೆರೆತ ಮೀನಿನ ಔಷಧಿಯಂತೂ ಈ ತೊಟ್ಟಿಯ ಹತ್ತಿರವೂ ಸುಳಿಯಬಾರದು.

ಬೇಸಗೆಯೇ ದೊಡ್ಡ ಪರೀಕ್ಷೆ. ನೀರು ೨೪ರಿಂದ ೨೭ ಡಿಗ್ರಿ ಸೆಲ್ಸಿಯಸ್ ಇದ್ದರೆ ಕ್ಷೇಮ. ಉಷ್ಣತೆ ಮಿತಿಮೀರಿದರೆ ಹವಳ ತನ್ನ ಮೈಯೊಳಗಿನ ಪಾಚಿಗಳನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ೧೯೯೮ರಲ್ಲಿ ಕಡಲೇ ಕಾದಾಗ ಲಕ್ಷದ್ವೀಪದ ಹವಳಗಳಿಗೂ ಒದಗಿದ ಗತಿ ಇದು. ತೊಟ್ಟಿಯ ಮೇಲೆ ಚಿಕ್ಕ ಪಂಖವೊಂದು ಗಾಳಿ ಬೀಸಿದರೆ ನೀರು ಒಂದೆರಡು ಡಿಗ್ರಿ ತಂಪಾದೀತು. ಆದರೆ ನೀರು ಆರುವುದೂ ಹೆಚ್ಚುತ್ತದೆ, ಬೆಳಗಿನ ಸಿಹಿನೀರಿನ ಲೋಟವೂ ಹೆಚ್ಚಬೇಕಾಗುತ್ತದೆ. ವಿದ್ಯುತ್ತು ಹೋದಾಗ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಕೈಗೆಟಕುವಂತಿರಬೇಕು.

ಸಾಧುವಿನ ಇನ್ನೊಂದು ಮುಖ

ಈ ಸಾಧು ಜೀವಿಯ ಇನ್ನೊಂದು ಮುಖವನ್ನೂ ಅರಿತಿರುವುದು ಅವಶ್ಯ. ಪೆಸಿಫಿಕ್ ಸಾಗರದ ನಡುವಣ ಪಲ್ಮೈರಾ ಹವಳದ್ವೀಪದಲ್ಲಿ ೧೯೯೧ರಲ್ಲಿ ಮೀನುಗಾರಿಕೆಯ ಹಡಗೊಂದು ಒಡೆದು ಬಿತ್ತು. ಅದರ ಸುತ್ತ ರೋಡಾಕ್ಟಿಸ್ ಕುಲದ ಅಣಬೆ ಹವಳ ಎಕರೆಗಟ್ಟಲೆ ಹಬ್ಬಿ, ಗಟ್ಟಿ ಹವಳಗಳನ್ನು ಮುಚ್ಚಿಬಿಟ್ಟಿತೆಂದು ೨೦೦೮ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಹಡಗಿನ ಕಬ್ಬಿಣ ನೀರಿಗೆ ಸೇರಿದುದು ಇದಕ್ಕೆ ಕಾರಣವಾಗಿರಬಹುದೆಂದು ಅವರ ಊಹೆ. ಕೊನೆಗೆ ಹಡಗಿನ ಅವಶೇಷವನ್ನೇ ಅಲ್ಲಿಂದ ತೆರವು ಮಾಡಬೇಕಾಯಿತು. ಮೇಜಿನ ಮೇಲಿನ ಸಾಧು ಕಡಲಿನಲ್ಲಿ ಆಕ್ರಮಣಕಾರನಾಗಬಲ್ಲ! ಸಾಕಿದುದನ್ನು ಕಡಲಿಗೆ ಬಿಡಬಾರದೆಂಬ ನಿಯಮಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗೆಯೇ ಕಡಲಿನದನ್ನು ಕಿತ್ತು ತರಲೂ ಬಾರದು. ಮುರುಡೇಶ್ವರದ ಕರಾವಳಿಯಾಚೆಯ ನೇತ್ರಾಣಿಯ ಸುತ್ತ ಹವಳಗಳಿವೆ. ಅವು ಅಲ್ಲಿಯೇ ಇರಲಿ. ದ್ವೀಪಗಳನ್ನು ಕಟ್ಟುವ ಗಟ್ಟಿ ಹವಳಗಳಿಗೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ೨೦೦೧ರಿಂದ ದೊರೆತಿದೆ. ಅಸ್ಥಿಪಂಜರವಿಲ್ಲದ ಅಣಬೆ ಹವಳ ಆ ವರ್ಗಕ್ಕೆ ಸೇರದಿದ್ದರೂ, ಅದು ಎಲ್ಲಿಂದ ಬಂತೆಂದು ಅಂಗಡಿಯವನನ್ನು ವಿಚಾರಿಸುವುದು ಕೊಳ್ಳುವವರ ಹೊಣೆ. ತೊಟ್ಟಿಯಲ್ಲಿಯೇ ಬೆಳೆಸಿದ ಮರಿಯೇ ಶ್ರೇಷ್ಠ. ಕಲ್ಲೂ ಅಷ್ಟೆ, ಸಮುದ್ರದಿಂದ ಕಿತ್ತುದಕ್ಕಿಂತ ಕೃತಕವಾಗಿ ತಯಾರಿಸಿದ ಕಲ್ಲಿಗೆ ಬ್ಯಾಕ್ಟೀರಿಯಾಗಳನ್ನು ಕೂಡಿಸುವುದು ಒಳಿತು.

ಮನೆಯವರಿಗೆ ಒಂದು ಎಚ್ಚರಿಕೆಯ ಮಾತೂ ಉಂಟು. ಅಣಬೆ ಹವಳಗಳ ಜತೆಯಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ‘ಝೋಆಂತಿಡ್’ ಎಂಬ ಚಿಕ್ಕ ಹೂವಿನಂಥ ಜೀವಿಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವನ್ನು ಹೊಂದಿರುತ್ತವೆ. ತೊಟ್ಟಿಯ ಕಲ್ಲನ್ನು ಎಂದಿಗೂ ಕುದಿಸಬಾರದು. ಆ ಆವಿ ಮನುಷ್ಯರಿಗೇ ಮಾರಕವಾದೀತು. ತೊಟ್ಟಿಗೆ ಕೈಹಾಕುವಾಗ ಕೈಗವಸು ಇರಲಿ, ತೆಗೆದ ಮೇಲೆ ಕೈತೊಳೆಯುವುದು ಮರೆಯದಿರಲಿ.

ಇಷ್ಟೆಲ್ಲ ಜಾಗರೂಕತೆ ಒಂದು ಅಂಗೈಯಗಲದ ಜೀವಿಗಾಗಿ ಬೇಕೆ ಎಂದು ಕೇಳುವವರುಂಟು. ಲಂಡನ್ನಿನ ಆ ಕಿಟಕಿಯ ಬಳಿ ನಿಂತ ಹುಡುಗಿಯ ಕೆಲಸವನ್ನು ಇಂದು ಬೆರಳುದ್ದದ ಪಂಪು ಮಾಡುತ್ತಿದೆ, ನಿಜ. ಆದರೆ ನೀರಿನ ಗೆರೆಯನ್ನು ನೋಡುವ ಕಣ್ಣು, ಲೋಟವನ್ನು ಬಗ್ಗಿಸುವ ಕೈ ಇನ್ನೂ ಮನುಷ್ಯನವೇ. ಅಂಗಳದ ತುಳಸಿಗೆ ದಿನವೂ ನೀರೆರೆಯುವ ಮನೆಯವರಿಗೆ ಇದು ಹೊಸ ಪಾಠವೇನೂ ಅಲ್ಲ. ಬೆಳಗಿನ ಆ ಒಂದು ಲೋಟ ಸಿಹಿನೀರು ತಪ್ಪದಿದ್ದರೆ, ದೀಪ ಹೊತ್ತಿದೊಡನೆ ಅಣಬೆಗಳು ಒಂದೊಂದಾಗಿ ಮೈಬಿಚ್ಚಿ ಅರಳುತ್ತವೆ; ಕಳೆದ ತಿಂಗಳು ಒಂದಿದ್ದ ಕಡೆ ಈಗ ಎರಡಿರುವುದನ್ನು ಮೊದಲು ಕಂಡುಹಿಡಿಯುವವರು ಮನೆಯ ಮಕ್ಕಳೇ.