ದಬ್ಬೆಯ ಲೆಕ್ಕ

ಬೆಂಗಳೂರಿನಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಅಲ್ಲಿಂದ ಕೂಗಳತೆಯಲ್ಲಿ ಅಕ್ಕಿಪೇಟೆ. ಧಾನ್ಯದ ವ್ಯಾಪಾರ ನಡೆಯುವ ಪೇಟೆಗೆ ಮೊರ, ಬುಟ್ಟಿ, ಕುಕ್ಕೆ ಬೇಕು. ಅವನ್ನು ಹೆಣೆಯಲು ಮೇದಾರರು ಬೇಕು. ಬೊಂಬನ್ನು ಮಚ್ಚಿನಿಂದ ಸೀಳಿ, ದಬ್ಬೆ ಮಾಡಿ, ಒಳಗಿನ ಮೆತ್ತನೆ ಭಾಗ ಕೆತ್ತಿ ತೆಗೆದು, ಹೊರಮೈಯ ಗಟ್ಟಿ ನಾರನ್ನಷ್ಟೇ ಉಳಿಸಿಕೊಳ್ಳುವ ಕೈ ಅವರದು. ಮೀನು ಹಿಡಿಯುವ ಗಾಳದ ಕೋಲುಗಳಲ್ಲಿ ಅತ್ಯಂತ ನಾಜೂಕಾದದ್ದು ಶುರುವಾಗುವುದೂ ಇದೇ ಕೆಲಸದಿಂದ.

ಅಂಥ ಕೋಲು ಇಡೀ ಬಿದಿರಲ್ಲ. ಆರು ದಬ್ಬೆಗಳನ್ನು ಮೂರು ಮೂಲೆಯಾಗಿ ಹೆರೆದು, ಗಟ್ಟಿ ಮೈ ಹೊರಗೆ ಬರುವಂತೆ ಜೋಡಿಸಿ ಅಂಟಿಸಿದ ಷಟ್ಕೋನದ ಕಡ್ಡಿ. ಬುಡದಿಂದ ತುದಿಗೆ ಅದು ಸಣ್ಣಗಾಗುತ್ತ ಹೋಗುವ ಬಗೆಯಲ್ಲೇ ಕೋಲಿನ ಗುಣವೆಲ್ಲ ಇದೆ. ದಪ್ಪವನ್ನು 5 ಅಂಗುಲಕ್ಕೊಮ್ಮೆ ಅಂಗುಲದ ಸಾವಿರದ ಒಂದು ಭಾಗದಷ್ಟು ಸೂಕ್ಷ್ಮವಾಗಿ ಬರೆದಿಡುತ್ತಾರೆ. ಇಷ್ಟು ಹಠವೇಕೆ ಎಂದರೆ, ಬಾಗಿದಾಗ ಮುರಿಯದೆ ತಾಳುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಒಂದು ಕಡೆ ದಪ್ಪ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಅಲ್ಲಿ ನಾರಿನ ಮೇಲಿನ ಒತ್ತಡ ಸುಮಾರು ಕಾಲು ಭಾಗ ಇಳಿಯುತ್ತದೆ.

ಈ ಲೆಕ್ಕವನ್ನು ಶಾಸ್ತ್ರವಾಗಿ ಕಟ್ಟಿದವರು ಅಮೆರಿಕದ ಎಂಜಿನಿಯರ್ ಎವೆರೆಟ್ ಗ್ಯಾರಿಸನ್. ಸೇತುವೆಯ ತೊಲೆಗೆ ಹಾಕುವ ಗಣಿತವನ್ನೇ ಅವರು ಕೋಲಿಗೆ ಹಾಕಿದರು: ದಾರದ ತೂಕ, ಕೋಲಿನದೇ ತೂಕ, ಬೀಸುವಾಗಿನ ಎಳೆತಕ್ಕೆಂದು ಅವೆಲ್ಲದರ ನಾಲ್ಕರಷ್ಟು. ಅವರು ತೀರಿಕೊಂಡ ಮೇಲೆ, 1977ರಲ್ಲಿ, ಹೋಗಿ ಕಾರ್‌ಮೈಕೆಲ್ ಆ ವಿದ್ಯೆಯನ್ನು ಪುಸ್ತಕವಾಗಿ ತಂದರು. ಕಾಗದದ ಮೇಲೆ ಗಂಟೆಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಮಿಷಿಗನ್‌ನ ವೇಯ್ನ್ ಕ್ಯಾಟನಾಕ್ 'ಹೆಕ್ಸ್‌ರಾಡ್' ಎಂಬ ಕಂಪ್ಯೂಟರ್ ಪ್ರೋಗ್ರಾಂ ಆಗಿಸಿದರು. ಫ್ರಾಂಕ್ ಸ್ಟೆಟ್ಜರ್ ಅದನ್ನು ಅಂತರ್ಜಾಲಕ್ಕೆ ತಂದರು. ಆರು ಮೂಲೆಯ ಕೋಲಿಗೆ ಹುಟ್ಟಿದ ಲೆಕ್ಕ ಬರಬರುತ್ತ ನಾಲ್ಕು ಮತ್ತು ಐದು ಮೂಲೆಯವಕ್ಕೂ ಹಿಗ್ಗಿತು. ಹಳೆಯ ಕುಶಲಿಯೊಬ್ಬನ ಕೋಲಿನ ಅಳತೆ ಕೊಟ್ಟರೆ ಅದರ ಒತ್ತಡದ ಗೆರೆ ತೆರೆಯ ಮೇಲೆ ಮೂಡುತ್ತದೆ. ಗೆರೆಯನ್ನು ತಿದ್ದಿದರೆ ಹೊಸ ಅಳತೆ ಕೈಗೆ ಬರುತ್ತದೆ. ಗುರು ಸತ್ತರೂ ಅವನ ಕೈಯ ಹದ ಹೀಗೆ ಉಳಿಯುವುದು ನನಗೆ ತುಂಬ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಮೊರ ಹೆಣೆಯುವವರ ಹದವನ್ನು ನಾವು ಎಲ್ಲಿ ಬರೆದಿಟ್ಟಿದ್ದೇವೆ?

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕಗಳ ಕೋಲು ಮಾಡುವವರು ನೆಚ್ಚಿದ್ದು ನಮ್ಮ ನೆಲದ ಬಿದಿರನ್ನು. ಕಲ್ಕತ್ತಾ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾರಣ ಅದಕ್ಕೆ 'ಕಲ್ಕತ್ತಾ ಕೇನ್' ಎಂದೇ ಹೆಸರಾಯಿತು. ಅದು ಗಂಡು ಬಿದಿರಿನ ಜಾತಿ ಎನ್ನುತ್ತಾರೆ. ನಮ್ಮ ಮೈಸೂರು, ಚಾಮರಾಜನಗರದ ಒಣ ಕಾಡುಗಳಲ್ಲೂ ಬೆಳೆಯುವ, ಟೊಳ್ಳು ಕಡಿಮೆ ಇರುವ ಗಟ್ಟಿ ಬಿದಿರು ಅದು. ಮೈಮೇಲೆ ಸುಟ್ಟ ಕಲೆ, ಹುಳು ಕೊರೆದ ತೂತು ಇರುತ್ತಿದ್ದವು. ದಕ್ಷಿಣ ಚೀನಾದ ಟಾಂಕಿನ್ ಬಿದಿರು ನೆಟ್ಟಗಿತ್ತು, ಗೆಣ್ಣುಗಳ ನಡುವೆ ಅಂತರ ಹೆಚ್ಚು, ನಾರಿನ ಪದರವೂ ದಪ್ಪ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದೇ ಪೇಟೆ ಹಿಡಿಯಿತು. ಗ್ಯಾರಿಸನ್ ಲೆಕ್ಕದ ಬುಡದಲ್ಲಿ ಕೂತಿರುವ ಘನ ಅಂಗುಲಕ್ಕೆ 0.668 ಔನ್ಸ್ ಎಂಬ ತೂಕವೂ ಟಾಂಕಿನ್‌ನದೇ. ನಮ್ಮ ಬಿದಿರನ್ನು ಆ ಸಂಖ್ಯೆಯಿಂದ ಅಳೆದರೆ ಬರುವ ಉತ್ತರ ನಮ್ಮ ಬಿದಿರಿನದಾಗುವುದಿಲ್ಲ.

ಇದನ್ನು ಸರಿಪಡಿಸಲು ಬೇಕಾದದ್ದೆಲ್ಲ ಈ ಊರಲ್ಲಿದೆ. ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಶುರುವಾದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ಅದರ ಬೇರು. 2017ರ ಕಾನೂನು ತಿದ್ದುಪಡಿಯಿಂದ ಕಾಡಿನಾಚೆ ಬೆಳೆದ ಬಿದಿರು 'ಮರ'ವೆಂಬ ಪಟ್ಟಿಯಿಂದ ಹೊರಬಂದು, ರೈತನಿಗೆ ಅದನ್ನು ಕಡಿದು ಸಾಗಿಸುವುದು ಸಲೀಸಾಗಿದೆ. ದಬ್ಬೆ ಸೀಳುವ ಕೈಗಳಂತೂ ಇನ್ನೂ ಇವೆ, ಪ್ಲಾಸ್ಟಿಕ್ ಬುಟ್ಟಿಗಳ ಎದುರು ಕೆಲಸಕ್ಕಾಗಿ ಕಾಯುತ್ತಿವೆ.

ಗಂಡು ಬಿದಿರಿನ ದಬ್ಬೆ ಎಷ್ಟು ತೂಗುತ್ತದೆ, ಎಷ್ಟು ಬಾಗಿ ಎಲ್ಲಿ ಮುರಿಯುತ್ತದೆ ಎಂಬುದನ್ನು ಮೇದಾರರನ್ನು ಜೊತೆಗೆ ಕೂರಿಸಿಕೊಂಡು ಅಳೆದು, ಎಲ್ಲರಿಗೂ ಸಿಗುವಂತೆ ಕನ್ನಡದಲ್ಲೂ ಪ್ರಕಟಿಸಿ ಎಂದು ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರನ್ನು ಕೇಳಿಕೊಳ್ಳುತ್ತೇನೆ. ಒಂದು ತೂಕದ ಯಂತ್ರ, ಒಂದು ಬಾಗುವಿಕೆಯ ಪರೀಕ್ಷೆ, ಒಂದು ವರ್ಷದ ವಿದ್ಯಾರ್ಥಿ ಪ್ರಾಜೆಕ್ಟ್ ಇದ್ದರೆ ಶುರುಮಾಡಬಹುದು.